ಮಣ್ಣು ಮಾಡಿದ ಕರಡಿಗೆ

ಅರಸೀಕೆರೆ
೧೪-೧೨-೨೦೦೪

ಚಿ. ಸ್ವಾತಿಗೆ,

ನಿನ್ನ ತಾಯಿಯ ಆಶೀರ್ವಾದ. ಕುಮಾರಿ ಎನ್ನಲೋ ಸಿಸ್ಟರ್ ಎನ್ನಲೋ ತಿಳಿಯದೆ ಬರೀ ಹೆಸರು ಬರೆದಿದ್ದೇನೆ. ಅಲ್ಲಿ ನಿನಗಿಟ್ಟಿರುವ ಹೊಸ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ, ಲಕೋಟೆಯ ಮೇಲೆ ಅದನ್ನು ಲೂರ್ದಮ್ಮ ಟೀಚರ ಕೈಯಲ್ಲೇ ಬರೆಸಿದ್ದೇನೆ. ಆರೋಗ್ಯವಾಗಿದ್ದೀಯಾ? ಮೊನ್ನೆ ನೋಡಿದಾಗ ಕೆನ್ನೆ ಬತ್ತಿತ್ತು. ಹಗಲೆಲ್ಲ ಬಿಸಿಲಲ್ಲಿ ನಿಂತು ಊರವರಿಗೆಲ್ಲ ದಾರಿ ತೋರಿಸುವವಳು ಹೊತ್ತಿಗೆ ಸರಿಯಾಗಿ ಉಣ್ಣುವುದನ್ನೂ ಕಲಿತುಕೋ.

ನಿಮ್ಮಪ್ಪ ಹಾಗೇ ಇದ್ದಾರೆ. ದೀಪಾವಳಿಯ ಮಾರನೆಯ ದಿನ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತೂ ತೊದಲಾಯಿತು. ಹಾಸನದ ಡಾಕ್ಟರು ನನ್ನ ಮುಖ ನೋಡದೆ ನಿನ್ನ ತಮ್ಮ ಶಶಿಕಿರಣನ ಮುಖ ನೋಡಿ ಮಾತಾಡಿದಾಗಲೇ ನನಗೆ ಅರ್ಥವಾಯಿತು. ಹೆಚ್ಚು ದಿನವಿಲ್ಲ. ಅವರು ಬಾಯಿಬಿಟ್ಟು ನಿನ್ನ ಹೆಸರು ಹೇಳುವುದಿಲ್ಲ, ಬಾಗಿಲು ಸದ್ದಾದಾಗಲೆಲ್ಲ ಕತ್ತು ಮಾತ್ರ ತಿರುಗಿಸುತ್ತಾರೆ. ಅದನ್ನು ನೋಡಲಾರದೆ ಲೂರ್ದಮ್ಮನವರ ಹತ್ತಿರ ಹೋದೆ. ಅವರ ಚರ್ಚಿನವರು ಸಂತ ಕ್ಸೇವಿಯರರ ದರ್ಶನಕ್ಕೆ ಗೋವಾಕ್ಕೆ ಬಸ್ಸು ಮಾಡಿದ್ದರು. ಹತ್ತು ವರ್ಷಕ್ಕೊಮ್ಮೆ ಮಾತ್ರ ಆ ಸಂತರ ದೇಹವನ್ನು ಜನ ನೋಡಲೆಂದು ಎತ್ತರದಿಂದ ಕೆಳಗಿಳಿಸುತ್ತಾರಂತೆ, ಕನ್ನಡದ ಯಾತ್ರಿಕರನ್ನು ನೋಡಿಕೊಳ್ಳಲು ನಿನ್ನನ್ನು ಹಾಕಿದ್ದಾರಂತೆ. ಮನೆಯಲ್ಲಿ ಮಾದಿಹಳ್ಳಿಗೆ, ತವರಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಅರವತ್ತೆರಡನೆಯ ವಯಸ್ಸಿನಲ್ಲಿ ಕಳ್ಳತನದಿಂದ ಯಾತ್ರೆ ಮಾಡಿಸಿದೆ ನೀನು.

ಬಸ್ಸಿನಲ್ಲಿ ಟೀಚರು ಆ ಸಂತರ ಕಥೆ ಹೇಳಿದರು. ಚೀನಾದ ಹತ್ತಿರ ಯಾವುದೋ ದ್ವೀಪದಲ್ಲಿ ಜ್ವರ ಬಂದು ತೀರಿಕೊಂಡರಂತೆ, ಪಕ್ಕದಲ್ಲಿ ನನ್ನವರು ಎನ್ನುವವರು ಯಾರೂ ಇರಲಿಲ್ಲವಂತೆ. ಸುಣ್ಣ ಹಾಕಿ ಮಣ್ಣು ಮಾಡಿದ್ದ ದೇಹವನ್ನು ತಿಂಗಳುಗಳಾದ ಮೇಲೆ ತೆಗೆದರೆ ಕೆಟ್ಟಿರಲಿಲ್ಲವಂತೆ. ಅವರ ಕಡೆಯವರು ಹಡಗಿನಲ್ಲಿ ಗೋವಾಕ್ಕೆ ಎತ್ತಿಕೊಂಡು ಬಂದರಂತೆ. ಮೂರು ಗಂಟೆ ಸಾಲಿನಲ್ಲಿ ನಿಂತೆ. ಗಾಜಿನೊಳಗೆ ಒಣಗಿದ ಆ ಪಾದ ಕಂಡಾಗ ನನಗೇನೂ ಹೊಸದೆನಿಸಲಿಲ್ಲ. ನಮ್ಮ ಮಠದ ಗದ್ದುಗೆಗೆ ಕೈಮುಗಿದ ಹಾಗೇ ಮುಗಿದೆ. ನಿನ್ನ ಸಂತರ ಮೇಲೆ ನನಗೆ ಸಿಟ್ಟಿಲ್ಲ ಕಣೇ.

ಸಿಟ್ಟಿರುವುದು ನಿನ್ನ ಮೇಲೆ. ಬಾಗಿಲ ಹತ್ತಿರ ನೀನು ನಿಂತಿದ್ದೆ, ನನ್ನನ್ನು ನೋಡಿದೆ, ಗುರುತೂ ಹಿಡಿದೆ. ಆದರೂ ನನಗಿಂತ ಮುಂಚೆ ಹೋದವರಿಗೆ ಹೇಳಿದ ದನಿಯಲ್ಲೇ "ಮುಂದೆ ನಡೀರಿ ಅಮ್ಮಾ, ನಿಲ್ಲಬೇಡಿ" ಎಂದೆ. ಹೆತ್ತವಳಿಗೆ! ಸಂಜೆಯವರೆಗೆ ಗೇಟಿನ ಹತ್ತಿರ ಕಾದು ಕೂತೆ. ಕೊನೆಗೆ ನೀನು ಬಂದೆ, ಹತ್ತು ನಿಮಿಷ ಕೊಟ್ಟೆ. ಅಪ್ಪನ ಸ್ಥಿತಿ ಹೇಳಿ, ಒಂದು ಸಲ ಬಂದು ಮುಖ ತೋರಿಸು ಎಂದು ಬೇಡಿಕೊಂಡೆ. ನೀನು ಅಳಲೂ ಇಲ್ಲ. "ನನ್ನ ಮಣ್ಣು ಮಾಡಿ ಎಂಟು ವರ್ಷ ಆಯ್ತಲ್ಲಮ್ಮಾ, ಹೂತವರು ಎದ್ದು ಬರ್ತಾರಾ?" ಎಂದೆ.

ಹೌದು, ನಿಮ್ಮಪ್ಪ ಮಾಡಿದರು. ನರ್ಸಿಂಗ್ ಓದಲು ಹೋದವಳು ಸಿಸ್ಟರುಗಳ ಮಠ ಸೇರುತ್ತೇನೆಂದು, ಕೊರಳಲ್ಲಿದ್ದ ಲಿಂಗವನ್ನು ಕರಡಿಗೆಯ ಸಮೇತ ಬಿಚ್ಚಿ ದೇವರ ಗೂಡಿನಲ್ಲಿಟ್ಟು ಹೋದೆಯಲ್ಲ, ಅದು ಅವರಿಗೆ ಮೊದಲ ಸಾವು. ನಮ್ಮ ಮನೆಯ ಜಂಗಮರು ಕರಿಬಸವಯ್ಯನವರು "ಬದುಕಿರೋಳಿಗೆ ಹಿಂಗೆಲ್ಲ ಮಾಡೋ ಪದ್ಧತಿ ಇಲ್ಲ ದೇವೀರಪ್ಪ" ಎಂದು ತಡೆದರೂ ಕೇಳದೆ, ತೋಟದ ಮೂಲೆಯಲ್ಲಿ ಮೊಳದುದ್ದ ಗುಂಡಿ ತೆಗೆಸಿದರು. ಶಶಿ ಅಷ್ಟನ್ನು ನಿನಗೆ ಬರೆದಿದ್ದಾನೆ. ಒಂದನ್ನು ಬರೆದಿರಲಾರ. ಗುಂಡಿಗೆ ಇಳಿಸುವ ಮುಂಚೆ ನಿಮ್ಮಪ್ಪ ಆ ಬೆಳ್ಳಿ ಕರಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. ಮಂಡಿಯಲ್ಲಿ ನಲವತ್ತು ವರ್ಷ ಕಾಯಿ ಅಲ್ಲಾಡಿಸಿ, ಸದ್ದಿನಲ್ಲೇ ಒಳಗಿನ ಕೊಬ್ಬರಿ ಒಣಗಿದೆಯೋ ಇಲ್ಲವೋ ಹೇಳುವ ಕೈ ಅದು, ಅಭ್ಯಾಸಬಲ ಎಂದುಕೊಂಡೆ. ಆಮೇಲೆ ಮಣ್ಣೆಳೆದರು.

ನೀನು ಕಾವಲು ನಿಂತಿದ್ದ ಆ ಪುಣ್ಯಾತ್ಮರನ್ನೂ ಮಣ್ಣಿನಿಂದ ತೆಗೆದೇ ತಾನೇ ಮನೆಗೆ ತಂದದ್ದು? ಅಷ್ಟು ದೂರದ ಸತ್ತವರನ್ನು ಬಿಡದೆ ಹೊತ್ತು ತಂದವರ ದಾರಿ ಹಿಡಿದವಳಿಗೆ, ಬದುಕಿರುವ ಅಪ್ಪನ ಹತ್ತಿರ ಒಂದು ದಿನ ಬಂದು ಹೋಗುವುದು ಕಷ್ಟವಾಯಿತೇ? ಹಿಂದಿರುಗುವಾಗ ದಾರಿಯುದ್ದಕ್ಕೂ ಈ ಪ್ರಶ್ನೆ ತಲೆಯಲ್ಲಿತ್ತು. ಅಲ್ಲೇ ಕೇಳಬೇಕಿತ್ತು, ಹೊಳೆಯಲಿಲ್ಲ.

ನೀನೆಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ. ಶಶಿ ನಿನ್ನನ್ನು ಕೇಳಿದ್ದಾನೆ. ಲೂರ್ದಮ್ಮನವರು ಪ್ರಾರ್ಥನೆಯಲ್ಲಿ ನೆನೆಯುತ್ತೇನೆ ಎಂದಿದ್ದಾರೆ.

ನಿನ್ನ ತಾಯಿ,
ಗುರುಸಿದ್ದಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಬರೆದುಬಿಡುತ್ತೇನೆ. ಅವತ್ತು ನಿಮ್ಮಪ್ಪ ಸ್ನಾನಕ್ಕೆ ಹೋದಾಗ ನಾನು ಕರಡಿಗೆಯಿಂದ ನಿನ್ನ ಲಿಂಗ ತೆಗೆದು, ಅದರ ಜಾಗದಲ್ಲಿ ಒಂದು ಅಡಿಕೆ ಇಟ್ಟಿದ್ದೆ. ಎಂಟು ವರ್ಷ ಅವರು ಮಂಡಿಗೆ ಹೋದ ಮೇಲೆ ಅಕ್ಕಿ ಡ್ರಮ್ಮಿನಿಂದ ತೆಗೆದು ಪೂಜೆ ಮಾಡಿದ್ದೇನೆ. ಗೋವಾದಲ್ಲೂ ಅದು ನನ್ನ ಸೊಂಟದ ಚೀಲದಲ್ಲೇ ಇತ್ತು. ನಿನ್ನ ಮಾತಿಗೆ ಹಟ ಬಂದು ತೋರಿಸಲಿಲ್ಲ, ಅದು ನನ್ನ ತಪ್ಪು. ನಿನ್ನೆ ನಿಮ್ಮಪ್ಪನಿಗೆ ಎಲ್ಲಿಗೆ ಹೋಗಿದ್ದೆ, ನೀನೇನೆಂದೆ ಎಂದು ಹೇಳಿಬಿಟ್ಟೆ. ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡು "ಅಡ್ಕೆ ಕಣೇ ಅದು... ಅವತ್ತೇ ಗೊತ್ತಿತ್ತು" ಎಂದರು. ಸದ್ದಿನಲ್ಲೇ ತಿಳಿದಿತ್ತಂತೆ. ತಿಳಿದೂ ಮಣ್ಣೆಳೆದರು, ತಿಳಿದೂ ಎಂಟು ವರ್ಷ ಸುಮ್ಮನಿದ್ದರು. ನೀವು ಅಪ್ಪ ಮಗಳು ಒಂದೇ, ನಡುವೆ ಅತ್ತವಳು ನಾನೊಬ್ಬಳು. ಅವರಿರುವಷ್ಟರಲ್ಲಿ ಬಂದರೆ ನಿನ್ನ ಲಿಂಗವನ್ನು ನಿನ್ನ ಕೈಗೆ ಕೊಡುತ್ತೇನೆ, ಕಟ್ಟಿಕೊಳ್ಳುವುದು ಬಿಡುವುದು ನಿನಗೆ ಸೇರಿದ್ದು. ಬಾರದಿದ್ದರೆ ಅವರ ಅಂಗೈಯಲ್ಲಿ ಅವರ ಲಿಂಗದ ಜೊತೆಗೆ ನಿನ್ನದನ್ನೂ ಇಟ್ಟು ಮಣ್ಣು ಮುಚ್ಚಿಸುತ್ತೇನೆ. ಈ ಸಲ ಅಡಿಕೆ ಇಡುವುದಿಲ್ಲ.