ತೋಳದ ಗವಿಗೆ ಹೊಗೆ ಹಾಕಬೇಡ

ಯರಗೇರಾ
ಬುಧವಾರ

ಯಪ್ಪಾ,

"ಗವಿಗೆ ಹೊಗಿ ಹಾಕಿ ತೋಳ ಸಾಯಸ್ತೀನಿ" ಎಂದು ನೀನು ಅಂದಾಗ ನಾನು ಬೇಡವೆಂದೆ. ಅಂದಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೆ ನಮ್ಮೂರು ಜಾಲಹಳ್ಳಿಗೆ ಹೊರಟಿರುವ ಕನಕರಾಯ ಮಾವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ತೋಳ ಒಯ್ದ ಕುರಿಮರಿಗಳಿಗಾಗಿ ನನಗೂ ಸಂಕಟವಿದೆ. ಅವಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ನಾನೇ.

ನಿನ್ನೆ ತೋಳಗಳ ಬಗ್ಗೆ ಆನ್‌ಲೈನ್ ಸೆಮಿನಾರ್ ಇತ್ತು. ನಮ್ಮಂಥ ಸಂಶೋಧಕರೂ ಅರಣ್ಯ ಅಧಿಕಾರಿಗಳೂ ಕೂಡಿದ್ದೆವು. ದೇವದುರ್ಗದ ಕಡೆಯ ಅಧಿಕಾರಿ ಶಶಿಕಲಾ ಮೇಡಂ, ನಮ್ಮ ಗುಡ್ಡದ ಹುಲ್ಲುಗಾವಲಿನಲ್ಲಿ ಸಸಿ ನೆಡಲು ಗುಂಡಿ ತೋಡಿಸುವುದಾಗಿ ಹೇಳಿದರು. ನಾನು ಮೈಕ್ ಆನ್ ಮಾಡಿ, ಮರ ಬೆಳೆದು ನೆರಳಿಗೆ ಹುಲ್ಲು ಹೋದರೆ ತೋಳವೂ ಉಳಿಯುವುದಿಲ್ಲ, ಕುರಿಯೂ ಉಳಿಯುವುದಿಲ್ಲ ಎಂದೆ.

"ಅಲ್ಲಿ ತೋಳದ ಗವಿ ಇದ್ರ ಗುಂಡಿ ತೋಡೋದು ನಿಲ್ಲಸ್ತೀನಿ. ಆದ್ರ ಕುರಿಗಾರ್ರು ಗವಿ ಉಳಸ್ತಾರೇನು?" ಎಂದು ಅವರು ಕೇಳಿದರು.

"ಉಳಸ್ತಾರ್ರಿ. ಅದು ನಮ್ಮಪ್ಪ ಕುರಿ ಮೇಸೋ ಗುಡ್ಡ," ಎಂದೆ. ನಿನ್ನನ್ನು ಕೇಳದೆಯೇ ಮಾತು ಕೊಟ್ಟೆ.

ಭಾನುವಾರ ಮೇಡಂ ಜೊತೆ ಬರುತ್ತೇನೆ. ಕುರಿದೊಡ್ಡಿಯ ಸುತ್ತ ಕಟ್ಟಲು ಎತ್ತರದ ತಂತಿ ಬಲೆ ತರುತ್ತಿದ್ದೇವೆ, ಗೂಟ ಕೆತ್ತಿಡು. ಅಲ್ಲಿಯವರೆಗೆ ಗವಿಯ ಹತ್ತಿರ ಹೋಗಬೇಡ. ಒಳಗೆ ತೋಳದ ಮರಿಗಳಿವೆ. ಅವು ಗವಿ ಬಿಟ್ಟು ಹೋಗುವ ತನಕ ದೊಡ್ಡಿಯನ್ನು ನಾನೇ ಕಾಯುತ್ತೇನೆ. ರಜೆ ಹಾಕಿದ್ದೇನೆ.

ಸಿಟ್ಟು ಇಳಿಯದಿದ್ದರೆ ಮಾತಾಡಬೇಡ. ಗೂಟ ಹಿಡಿದು ನಿಲ್ಲು ಸಾಕು, ನಾನು ಬಡಿಯುತ್ತೇನೆ.

ನಿನ್ನ ಮಗಳು
ಮಲ್ಲೇಶ್ವರಿ