ಎಡಗಡೆಯ ಕುರ್ಚಿ

ಫೆಬ್ರವರಿ 6, ಬೆಳಿಗ್ಗೆ

ಅಕ್ಕನ ತಟ್ಟೆ ತಿರುಗಿಸಿಟ್ಟು ಬಂದೆ. ದಿನವೂ ಇದೇ. ಬಲಗಡೆಯ ಅರ್ಧ ತಿಂದು ಮುಗಿಸಿ ಗದರುತ್ತಾಳೆ — "ಇಷ್ಟೇನಾ ಹಾಕೋದು? ಕೈ ಬಿಗಿ ಜಾಸ್ತಿ ಆಯ್ತು ನಿಂದು." ಎಡಗಡೆಯ ಅರ್ಧ ಮುಟ್ಟಿರುವುದೇ ಇಲ್ಲ. ತಟ್ಟೆ ತಿರುಗಿಸಿದರೆ ಅದನ್ನೂ ತಿನ್ನುತ್ತಾಳೆ. ಎಲ್ಲಿಂದ ಬಂತು ಎಂದು ಕೇಳುವುದಿಲ್ಲ.

ಕಣ್ಣಿಗೆ ಏನೂ ಆಗಿಲ್ಲ. ಸ್ಟ್ರೋಕ್ ಆದಮೇಲೆ ಡಾಕ್ಟರ್ ಸ್ಕ್ಯಾನ್ ಹಿಡಿದು ತೋರಿಸಿದ್ದರು. ಮೆದುಳಿನ ಬಲ ಅರ್ಧ, ಕಾರ್ಟೆಕ್ಸ್ ಎಂಬ ಮೇಲಿನ ಪದರ, ಅದರಲ್ಲಿ ಪೆರೈಟಲ್ ಲೋಬ್ ಎಂಬ ಭಾಗ. ಕಣ್ಣು ತಂದು ಕೊಟ್ಟದ್ದನ್ನು ಗಮನಕ್ಕೆ ತರುವ ಜಾಗ. ಅಲ್ಲಿ ಪೆಟ್ಟಾದರೆ ಎಡಗಡೆ ಎನ್ನುವುದೇ ಇಲ್ಲ. ಇಲ್ಲ ಎನ್ನುವುದೂ ಗೊತ್ತಾಗುವುದಿಲ್ಲ.

ಎಷ್ಟು ವರ್ಷ ಈ ಕಾರ್ಟೆಕ್ಸ್ ಪಾಠ ಮಾಡಿದ್ದೇನೆ! ಬೋರ್ಡಿನ ಮೇಲೆ ನಾಲ್ಕು ಬಣ್ಣ, ನಾಲ್ಕು ಲೋಬ್. ಹಸಿರು ಚಾಕ್ ಪೆರೈಟಲ್‌ಗೆ. ಒಂದು ಮಾರ್ಕಿನ ಪ್ರಶ್ನೆ.

ಫೆಬ್ರವರಿ 9

ಫಿಸಿಯೋ ಹುಡುಗಿ ಬಂದಿದ್ದಳು. "ನೀವು ಯಾವಾಗ್ಲೂ ಅವರ ಎಡಗಡೆನೇ ಕೂತ್ಕೊಳ್ಳಿ ಮೇಡಂ. ಅಲ್ಲಿಂದಲೇ ಮಾತಾಡ್ಸಿ. ಅವರು ತಿರುಗಿ ಹುಡುಕ್ಬೇಕು. ಹುಡುಕಿ ಹುಡುಕಿನೇ ಮೆದುಳು ಕಲಿಯೋದು."

ಕುರ್ಚಿ ಎಳೆದು ಎಡಗಡೆ ಹಾಕಿದೆ. ಸಂಜೆಯೆಲ್ಲ ಕೂತೆ.

ಮಾತಾಡಿಸಲಿಲ್ಲ.

ಫೆಬ್ರವರಿ 14

ಬರೆಯಲು ನಾಚಿಕೆ. ಆದರೂ... ಎಡಗಡೆ ಸುಖವಾಗಿದೆ.

ಅಮ್ಮ ಹೋದಾಗಿನಿಂದ ಅಕ್ಕನೇ ಎಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನ್ ತುಳಿದು ತುಳಿದು ನನ್ನನ್ನು ಓದಿಸಿದಳು. ಅದರ ಜೊತೆಗೇ — ನೆಟ್ಟಗೆ ಕೂತ್ಕೋ. ಈ ಬಣ್ಣ ನಿಂಗೆ ಒಪ್ಪಲ್ಲ. ಫೋನಲ್ಲಿ ಯಾರದು? ಕೂದಲು ನರೆತರೂ ಅವಳ ಬಾಯಲ್ಲಿ ನಾನು ಇನ್ನೂ ಚಿಕ್ಕಿಯೇ. ಈಗ ಆ ಕಣ್ಣು ನನ್ನ ಮೇಲಿಲ್ಲ. ಕಾಲು ಮೇಲೆ ಹಾಕಿ ಕೂತೆ. ಉಗುರಿಗೆ ಬಣ್ಣ ಹಚ್ಚಿದೆ. ನಮ್ಮ ಸ್ಕೂಲಿನ ಲೆಕ್ಕದ ಮೇಷ್ಟ್ರಿಗೆ ಮೆಸೇಜ್ ಮಾಡಿದೆ, ಅಕ್ಕನ ಪಕ್ಕದಲ್ಲೇ ಕೂತು.

ನಿನ್ನೆ ಕರೆದಳು. "ಚಿಕ್ಕೀ... ಎಲ್ಲಿ ಹೋದ್ಯೇ?" ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇದ್ದೆ. ಉಸಿರು ಬಿಗಿ ಹಿಡಿದೆ. ಮತ್ತೆ ಕರೆದಳು. ಬಲಗಡೆಯ ಬಾಗಿಲನ್ನೇ ನೋಡಿದಳು. ಆಮೇಲೆ ತನ್ನಷ್ಟಕ್ಕೆ, "ಪಾಪ, ಮಲಗಿರ್ತಾಳೆ. ದಣಿವು ಅವಳಿಗೆ."

ನೀರು ಬೇಕಿತ್ತು ಅವಳಿಗೆ. ಆಮೇಲೆ ಕೊಟ್ಟೆ. ಒಳಗಿನಿಂದ ಬಂದವಳ ಹಾಗೆ, ಸುತ್ತಿ ಬಂದು.

ಫೆಬ್ರವರಿ 23, ಭಾನುವಾರ ಸಂಜೆ

ಬರೆದೇ ತೀರಬೇಕು.

ಲೆಕ್ಕದ ಮೇಷ್ಟ್ರನ್ನು ಮನೆಗೆ ಕರೆದೆ. ಹಿಂದೆ ಒಮ್ಮೆ ಅವರ ವಿಷಯ ಎತ್ತಿದಾಗ ಅಕ್ಕ ಹಾರಿಬಿದ್ದಿದ್ದಳು. "ಒಬ್ಬಳಿಗೆ ಡೈವೋರ್ಸ್ ಕೊಟ್ಟೋನು ನಿನ್ನ ಇಟ್ಕೊಂಡಿರ್ತಾನಾ? ಅವನು ಈ ಮನೆ ಹೊಸ್ತಿಲು ತುಳೀಕೂಡ್ದು." ಅವರಿಗೆ ಮಾತ್ರ ಹೇಳಿದ್ದೆ — ಅಕ್ಕ ಒಪ್ಪಿದ್ದಾಳೆ, ಬನ್ನಿ.

ರೇಡಿಯೋ ಜೋರಾಗಿತ್ತು. ಅಕ್ಕ ಕಿಟಕಿಯ ಪಕ್ಕ. ಮೇಷ್ಟ್ರನ್ನು ಎಡಗಡೆಯ ಕುರ್ಚಿಯಲ್ಲಿ ಕೂರಿಸಿದೆ. ಬಾಯಿ ತೆರೆದರು. ತುಟಿಗೆ ಬೆರಳಿಟ್ಟು ತಡೆದೆ. ಟೀ ಕೊಟ್ಟೆ. ಕುಡಿದರು, ಮುಳ್ಳಿನ ಮೇಲೆ ಕೂತ ಹಾಗೆ. ನನಗೋ ಪಾಠ ಮಾಡುವ ಹುಮ್ಮಸ್ಸು! ಕಿವಿಯಲ್ಲಿ ಪಿಸುಗುಟ್ಟಿದೆ — ರೈಟ್ ಪೆರೈಟಲ್, ಎಡಗಡೆ ಪೂರ್ತಿ ಖಾಲಿ, ನೋಡಿ ಬೇಕಾದ್ರೆ.

ಅಕ್ಕನ ಎಡಗೆನ್ನೆಯ ಪಕ್ಕ ಕೈ ಆಡಿಸಿ ತೋರಿಸಿದೆ. ನಾಲಿಗೆ ಚಾಚಿದೆ. ಅವಳು ರೇಡಿಯೋ ಹಾಡಿಗೆ ತಲೆದೂಗುತ್ತಲೇ ಇದ್ದಳು. ನಾನು ನಕ್ಕೆ.

ಮೇಷ್ಟ್ರು ನಗಲಿಲ್ಲ. ಎದ್ದರು. ಅಕ್ಕನ ಕುರ್ಚಿ ಸುತ್ತಿ ಬಲಗಡೆಗೆ ಹೋಗಿ, ಮಂಡಿಯೂರಿ ಕೂತರು. "ಹೇಗಿದ್ದೀರಿ ಅಕ್ಕ?"

ಅಕ್ಕ ಬೆಚ್ಚಿದಳು. "ಅಯ್ಯೋ, ಯಾವಾಗ ಬಂದ್ರಿ?"

"ಈಗಷ್ಟೇ."

ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ಅಕ್ಕ ಬಯ್ಯಲಿಲ್ಲ. ಮೇಲಿಂದ ಕೆಳಗೆ ನೋಡಿ, "ಆ ಪ್ಯಾಂಟ್ ಯಾರು ಹೊಲಿದಿದ್ದು? ಒಂದು ಕಾಲು ಗಿಡ್ಡ ಆಗಿದೆಯಲ್ರೀ, ಅವನ ಕೈ ಮುರೀಲಿ!" ಇಬ್ಬರೂ ನಕ್ಕರು. ಅಕ್ಕ ನಗುವುದನ್ನು ಕೇಳಿ ಎಷ್ಟು ದಿನವಾಗಿತ್ತು.

ಗೇಟಿನ ಹತ್ತಿರ ಮೇಷ್ಟ್ರು ಚಪ್ಪಲಿ ಮೆಟ್ಟುತ್ತ ಕೇಳಿದರು. "ನನ್ನ ಇದಕ್ಕಾ ಕರೆದಿದ್ದು?"

ನನ್ನ ಮುಖ ನೋಡಲಿಲ್ಲ.

ಮಾರ್ಚ್ 19

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಹಿಡಿದರೆ ಅದೇ ಬರುತ್ತದೆ, ಚಾಚಿದ ನಾಲಿಗೆ.

ಈಗ ಅಕ್ಕನನ್ನು ಎಡಗಡೆಯಿಂದಲೇ ಮಾತಾಡಿಸುತ್ತೇನೆ. ಕೆಲವು ಸಲ ತಿರುಗುತ್ತಾಳೆ. ಫಿಸಿಯೋ ಖುಷಿಯಾಗಿದ್ದಾಳೆ. "ನೀವು ಮೊದಲಿನಿಂದಲೂ ಎಡಗಡೆಯಿಂದ ಮಾತಾಡ್ಸಿದ್ದಕ್ಕೇ ಮೇಡಂ ಇಷ್ಟು ಬೇಗ." ತಲೆ ತಗ್ಗಿಸಿದೆ. ಸಂಕೋಚ ಎಂದುಕೊಂಡಳು.

ಮೇಷ್ಟ್ರು ಭಾನುವಾರ ಬರುತ್ತಾರೆ. ಅಕ್ಕನಿಗಾಗಿ. ಎಡಗಡೆ ಕೂತು ಗಟ್ಟಿಯಾಗಿ ಪೇಪರ್ ಓದುತ್ತಾರೆ, ಅವಳು ಹುಡುಕುವವರೆಗೂ. ಸ್ಟಾಫ್ ರೂಮಿನಲ್ಲಿ ನನ್ನೊಂದಿಗೆ ಒಂದೇ ಮಾತು — "ಪೇಪರ್ ತಿದ್ದಿ ಆಯ್ತಾ?"

ಮಾರ್ಚ್ 30

ಇವತ್ತು ಅಕ್ಕನೇ ಕೇಳಿದಳು. "ಅರ್ಧ ಪ್ರಪಂಚ ನಂಗೆ ಕಾಣ್ತಾನೇ ಇರ್ಲಿಲ್ವಂತೆ, ಆ ಹುಡುಗಿ ಹೇಳಿದ್ಲು. ನೋಡ್ದವರು ನಕ್ಕಿರ್ತಾರೆ. ಅಲ್ವೇನೇ?"

ಇಲ್ಲ ಎನ್ನಬಹುದಿತ್ತು. ಬಾಯಿ ತನಕ ಬಂದಿತ್ತು.

"ಬೇರೆ ಯಾರೂ ನಗಲಿಲ್ಲ ಅಕ್ಕ. ನಾನು ನಕ್ಕೆ."

ಎಲ್ಲ ಹೇಳಿದೆ. ಕರೆದಾಗ ಓಗೊಡದೆ ಕೂತದ್ದನ್ನೂ. ಅವಳು ಮಡಿಲಲ್ಲಿದ್ದ ಬಟ್ಟೆಯ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದಳು. ಬಲಗೈಯೊಂದರಲ್ಲೇ.

"ಮೇಷ್ಟ್ರು?"

"ಅವರು ನಗಲಿಲ್ಲ."

"ಹ್ಞೂಂ." ಬಟ್ಟೆ ಪಕ್ಕಕ್ಕಿಟ್ಟಳು. "ಹೇಗೆ ಮಾಡಿದ್ದೆ? ಮಾಡು ಈಗ."

"ಬೇಡ ಅಕ್ಕ..."

"ಮಾಡೇ."

ಎಡಗಡೆ ಕೂತೆ. ಕೈ ಎತ್ತಿ ಆಡಿಸಿದೆ. ಅಕ್ಕ ಕತ್ತು ತಿರುಗಿಸತೊಡಗಿದಳು. ಅರ್ಧಕ್ಕೆ ನಿಲ್ಲಿಸಿದಳು, ಮತ್ತೆ ತಿರುಗಿಸಿದಳು. ಕುತ್ತಿಗೆಯ ನರ ಉಬ್ಬಿತ್ತು. ಹಣೆಯಲ್ಲಿ ಬೆವರು. ನನ್ನ ಬೆರಳು ಸಿಕ್ಕಿತು, ಮಣಿಕಟ್ಟು ಸಿಕ್ಕಿತು. ನೋಟ ಮೊಣಕೈಯವರೆಗೆ ಬಂದು ನಿಂತಿತು.

"ಕೈ ಕಾಣ್ತು ಕಣೇ," ಎಂದಳು ಏದುಸಿರಿನಲ್ಲಿ. "ಮುಖ ಎಲ್ಲಿ? ಒಂಚೂರು ಮುಂದೆ ಬಾ."

ಒಂಚೂರು ಬಾಗಿದ್ದರೆ ಸಾಕಿತ್ತು. ನನಗೆ ಆ ಮುಖ ತೋರಿಸಲಾಗಲಿಲ್ಲ.