ರಜೆ ಚೀಟಿಯ ಮೊದಲ ಸಾಲು

ಹುಣಸಗಿ
೧೨-೯-೧೯೮೯

ಮುಖ್ಯ ಗುರುಗಳಾದ ಬಸವಂತ್ರಾಯ ಸರ್ ಅವರಿಗೆ ನಮಸ್ಕಾರಗಳು.

ಹೋದ ತಿಂಗಳು ಏಳನೇ ತರಗತಿಗೆ ಇಂಗ್ಲಿಷಿನಲ್ಲಿ ರಜೆ ಚೀಟಿ ಬರೆಯುವುದನ್ನು ಕಲಿಸಿದೆ. ‘ಆ್ಯಸ್ ಐ ಆ್ಯಮ್’ ಎಂದು ಶುರು ಮಾಡಿ, ಮುಂದೆ ನಿಮಗೆ ತೋಚಿದ ಕಾರಣ ಸೇರಿಸಿ ಎಂದಿದ್ದೆ. ಒಬ್ಬನಿಗೆ ಜ್ವರ ಬಂತು, ಒಬ್ಬಳು ಅಕ್ಕನ ಮದುವೆಗೆ ಹೊರಟಳು, ಅರ್ಧ ತರಗತಿ ಕೊಡೇಕಲ್ಲಿನ ಜಾತ್ರೆಗೆ ಹೋಯಿತು. ಮಲ್ಲಾಬಾಯಿ ಮಾತ್ರ, ಕಾಲುವೆ ದಂಡೆಯ ಮೇಲೆ ಬರಲು ಹೆದರಿಕೆ, ನೀರು ನಿಲ್ಲಿಸುವವರೆಗೆ ರಜೆ ಕೊಡಿ ಎಂದು ಬರೆದಳು. ಚೆನ್ನಾಗಿ ಕಲ್ಪಿಸಿದ್ದಾಳೆಂದು ‘ಗುಡ್’ ಹಾಕಿ ನೋಟುಬುಕ್ಕು ಕೊಟ್ಟೆ. ಮರುದಿನ ಶಾಲೆಗೆ ಬರುವಾಗ ಅವಳು ಕಾಲುವೆಗೆ ಬಿದ್ದು ತೀರಿಕೊಂಡದ್ದು ನಿಮಗೆ ಗೊತ್ತೇ ಇದೆ.

ನಿನ್ನೆ ಅವಳ ತಾಯಿ ಭೀಮವ್ವ ಆ ನೋಟುಬುಕ್ಕು ತಂದು, “ಏನ್ ಬರದಾಳ, ಓದಿ ಹೇಳ್ರಿ ಸರ” ಎಂದರು. ಓದಿ ಹೇಳಿದೆ.

“ಅದಕ್ಕ ನೀವೇನಂದ್ರಿ?”

ನಾನು ನೋಟುಬುಕ್ಕು ಮುಚ್ಚಿ ಅವರ ಕೈಗೆ ಕೊಟ್ಟೆ.

ಈಗ ತರಗತಿಯಲ್ಲಿ ಯಾರು ‘ಆ್ಯಸ್ ಐ ಆ್ಯಮ್’ ಎಂದು ಓದಿದರೂ ಅವಳ ದನಿಯೇ ಕೇಳುತ್ತದೆ. ದಯವಿಟ್ಟು ಆ ಪಾಠ ಬೇರೆಯವರಿಗೆ ವಹಿಸಿ.

ಇನ್ನೊಂದು ವಿನಂತಿ. ಹಾಜರಿ ಪುಸ್ತಕದಲ್ಲಿ ಆ ದಿನ ಅವಳ ಹೆಸರಿನ ಮುಂದೆ ನಾನೇ ‘ಗೈರು’ ಎಂದು ಬರೆದಿದ್ದೇನೆ. ‘ರಜೆ’ ಎಂದು ತಿದ್ದಲು ಅನುಮತಿ ಕೊಡಿ. ಅವಳು ಕೇಳಿದ್ದಳು.

ನಿಮ್ಮ ವಿಧೇಯ,
ಚಂದ್ರಾಮಪ್ಪ, ಇಂಗ್ಲಿಷ್ ಶಿಕ್ಷಕ